ಅಮೆರಿಕದೊಂದಿಗಿನ ಮುನಿಸು: ನಿಲುವು ದೇಶದ್ದು, ನಷ್ಟ ಯಾರದ್ದು?

(ಉತ್ತರ ಕನ್ನಡ ಜಿಲ್ಲೆಯವರ ಚರ್ಚೆ, ನವೆಂಬರ್ 2025; ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರಿದೆ)

ಕಾಳಿತೀರ, ಕಾರವಾರ

ಈ ಚರ್ಚೆಗೆ ಕಾರಣವಾದ ಸಂಗತಿಗಳನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಈ ವರ್ಷದ, ಅಂದರೆ 2025ರ ಫೆಬ್ರುವರಿಯಲ್ಲಿ ನಮ್ಮ ಪ್ರಧಾನಿ ವಾಷಿಂಗ್ಟನ್ನಿಗೆ ಹೋಗಿದ್ದಾಗ ಎರಡೂ ದೇಶಗಳ ನಡುವಿನ ವ್ಯಾಪಾರವನ್ನು 2030ರ ಹೊತ್ತಿಗೆ 500 ಶತಕೋಟಿ ಡಾಲರಿಗೆ ಏರಿಸುವ ಮಾತಾಗಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 7ರಂದು, ನಮ್ಮ ಸರಕಿನ ಮೇಲೆ ಶೇಕಡಾ 25 ಸುಂಕ ಬಿತ್ತು; ರಷ್ಯಾದ ಕಚ್ಚಾ ತೈಲ ಕೊಳ್ಳುತ್ತೇವೆಂಬ ಕಾರಣಕ್ಕೆ ಆಗಸ್ಟ್ 27ರಿಂದ ಇನ್ನೊಂದು 25 ಸೇರಿಕೊಂಡಿತು. ಸೆಪ್ಟೆಂಬರಿನಲ್ಲಿ ನುರಿತ ಕೆಲಸಗಾರರು ಅಲ್ಲಿಗೆ ದುಡಿಯಲು ಹೋಗುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂತು. ಮೇ ತಿಂಗಳಿನಲ್ಲಿ ಪಾಕಿಸ್ತಾನದೊಂದಿಗಿನ ಕದನ ನಿಲ್ಲಿಸಿದ್ದು ತಾನೇ ಎಂದು ಅಲ್ಲಿನ ಅಧ್ಯಕ್ಷರು ಹೇಳುವುದೂ, ಅದು ಎರಡು ಸೇನೆಗಳ ನಡುವೆ ನೇರವಾಗಿ ತೀರ್ಮಾನವಾದದ್ದು ಎಂದು ನಮ್ಮ ಸರ್ಕಾರ ತಿದ್ದುವುದೂ ಇನ್ನೂ ನಿಂತಿಲ್ಲ. ಇಷ್ಟರ ನಡುವೆಯೇ ಅಕ್ಟೋಬರ್ 31ರಂದು ಕ್ವಾಲಾಲಂಪುರದಲ್ಲಿ ಎರಡೂ ದೇಶಗಳ ರಕ್ಷಣಾ ಮಂತ್ರಿಗಳು ಮುಂದಿನ ಹತ್ತು ವರ್ಷಗಳ ಸಹಕಾರದ ಚೌಕಟ್ಟಿಗೆ ಸಹಿ ಹಾಕಿದ್ದಾರೆ.

ಕಾರವಾರದಲ್ಲಿ ಕುಳಿತವರಿಗೆ ಇದು ದೂರದ ವಿಷಯವಲ್ಲ. ಇಲ್ಲಿನ ಕದಂಬ ನೌಕಾನೆಲೆಯನ್ನು ತವರು ಮಾಡಿಕೊಂಡಿರುವ ವಿಕ್ರಮಾದಿತ್ಯ ಹಡಗು 2013ರಲ್ಲಿ ರಷ್ಯಾದಿಂದ ನಮ್ಮ ಕೈಸೇರಿದ್ದು. ಕೊಚ್ಚಿಯಲ್ಲಿ ನಾವೇ ಕಟ್ಟಿದ ವಿಕ್ರಾಂತ್ ಹಡಗನ್ನು ಓಡಿಸುವ ನಾಲ್ಕು ಗ್ಯಾಸ್ ಟರ್ಬೈನುಗಳು ಅಮೆರಿಕದ ಜಿಇ ಕಂಪನಿಯ ವಿನ್ಯಾಸದವು, ಅದರ ಮೇಲಿಂದ ಹಾರುವ ಮಿಗ್-29ಕೆ ವಿಮಾನಗಳು ರಷ್ಯಾದವು. ಒಂದೇ ಹಡಗಿನೊಳಗೆ ಎರಡೂ ದೇಶಗಳನ್ನು ಇಟ್ಟುಕೊಂಡಿರುವ ನಾವು ಒಬ್ಬರ ಒತ್ತಾಯಕ್ಕೆ ಇನ್ನೊಬ್ಬರನ್ನು ಬಿಡಲು ಬರುವುದಿಲ್ಲ.

ತೈಲದ ವಿಷಯದಲ್ಲಿ ಮಣಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮಗಿಂತ ಹೆಚ್ಚು ರಷ್ಯಾದ ತೈಲ ಕೊಳ್ಳುವ ಚೀನಾಕ್ಕೆ ಈ ದಂಡವಿಲ್ಲ. ಯುರೋಪು ರಷ್ಯಾದ ಅನಿಲ ಕೊಳ್ಳುತ್ತಿದೆ. ಸ್ವತಃ ಅಮೆರಿಕ ತನ್ನ ಅಣುಶಕ್ತಿ ಉದ್ಯಮಕ್ಕಾಗಿ ರಷ್ಯಾದ ಯುರೇನಿಯಂ ತರಿಸುತ್ತಿದೆ ಎಂಬುದನ್ನು ನಮ್ಮ ವಿದೇಶಾಂಗ ಇಲಾಖೆ ಆಗಸ್ಟ್ 4ರ ಹೇಳಿಕೆಯಲ್ಲೇ ಎತ್ತಿ ತೋರಿಸಿತು. ಜಗತ್ತಿನ ತೈಲದ ಬೆಲೆ ಏರದಿರಲೆಂದು ಭಾರತ ಈ ತೈಲ ಕೊಳ್ಳುವುದನ್ನು ತಮ್ಮ ದೇಶವೇ ಬಯಸಿತ್ತೆಂದು ಆಗಿನ ಅಮೆರಿಕದ ರಾಯಭಾರಿ ಎರಿಕ್ ಗಾರ್ಸೆಟ್ಟಿ 2024ರಲ್ಲಿ ಬಹಿರಂಗವಾಗಿ ಹೇಳಿದ್ದರು. ಆದರೆ ಮಣಿಯದೆ ನಿಂತದ್ದಕ್ಕೆ ಒಂದು ಬೆಲೆಯಿದೆ. ಆ ಬೆಲೆಯನ್ನು ಇಡೀ ದೇಶ ಹಂಚಿಕೊಳ್ಳುತ್ತಿದೆಯೇ, ಅಥವಾ ಕೆಲವರ ತಲೆಯ ಮೇಲೆ ಹೊರಿಸಿ ಉಳಿದವರು ಸ್ವಾಭಿಮಾನದ ಮಾತಾಡುತ್ತಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

ಸೋಂದಾ ಸೀಮೆ, ಶಿರಸಿ

ಕಾಳಿತೀರ ಅವರೇ, ಪ್ರಶ್ನೆ ಸರಿಯಾಗಿದೆ. ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆಯನ್ನು ತಾವು ದಾಟಿಬಿಟ್ಟಿರಿ. ಈ ನಿಲುವು ಇಷ್ಟು ಬೆಲೆ ಬಾಳುತ್ತದೆಯೇ? 2022ಕ್ಕೆ ಮೊದಲು ನಮ್ಮ ಆಮದಿನಲ್ಲಿ ರಷ್ಯಾದ ತೈಲದ ಪಾಲು ಶೇಕಡಾ 2ರಷ್ಟೂ ಇರಲಿಲ್ಲ. ಆಗಲೂ ನಮ್ಮ ಗಾಡಿಗಳು ಓಡುತ್ತಿದ್ದವು. ಅದು ಈಗ ಮೂರನೇ ಒಂದು ಭಾಗಕ್ಕೆ ಏರಿದ್ದು ರಿಯಾಯಿತಿ ಸಿಕ್ಕಿತೆಂಬ ಕಾರಣಕ್ಕೆ ಹೊರತು ಅನಾದಿ ಕಾಲದ ಸ್ನೇಹದಿಂದಲ್ಲ. ಇತ್ತ ಅಮೆರಿಕಕ್ಕೆ ನಾವು 2024-25ರಲ್ಲಿ ಕಳುಹಿಸಿದ ಸರಕಿನ ಮೌಲ್ಯ ಸುಮಾರು 86 ಶತಕೋಟಿ ಡಾಲರ್, ಅಂದರೆ ನಮ್ಮ ಒಟ್ಟು ಸರಕು ರಫ್ತಿನ ಐದನೇ ಒಂದು ಭಾಗ. ತೈಲವನ್ನು ಇರಾಕಿನಿಂದಲೂ ಸೌದಿಯಿಂದಲೂ ತರಬಹುದು. ಈ ಮಾರುಕಟ್ಟೆಗೆ ಸಾಟಿಯಾದ ಇನ್ನೊಂದು ಮಾರುಕಟ್ಟೆ ಎಲ್ಲಿದೆ?

ಅಮೆರಿಕವೆಂದೊಡನೆ 1971ರಲ್ಲಿ ಅದು ನಮ್ಮ ವಿರುದ್ಧ ಕಳುಹಿಸಿದ ಯುದ್ಧನೌಕೆಯನ್ನು ನೆನೆಯುವವರು 1962ನ್ನು ಮರೆಯುತ್ತಾರೆ. ಆ ನವೆಂಬರಿನಲ್ಲಿ ಚೀನಾದ ಸೇನೆ ಮುನ್ನುಗ್ಗಿದಾಗ ನೆಹರೂ ಬರೆದದ್ದು ಕೆನಡಿಗೆ, ಶಸ್ತ್ರಾಸ್ತ್ರ ಹೊತ್ತು ವಿಮಾನಗಳು ಬಂದದ್ದು ಅಲ್ಲಿಂದ. 1999ರ ಜುಲೈ 4ರಂದು ನವಾಜ್ ಷರೀಫರನ್ನು ವಾಷಿಂಗ್ಟನ್ನಿನಲ್ಲಿ ಕೂರಿಸಿಕೊಂಡು ಕಾರ್ಗಿಲ್ಲಿನಿಂದ ಸೇನೆ ಹಿಂತೆಗೆಯಲು ಒಪ್ಪಿಸಿದ್ದು ಕ್ಲಿಂಟನ್. 2020ರಲ್ಲಿ ಗಾಲ್ವಾನ್ ಸಂಘರ್ಷದ ನಂತರ ಲಡಾಖಿನ ಚಳಿಗೆ ನಮ್ಮ ಸೈನಿಕರಿಗೆ ಬೇಕಾದ ಉಡುಪುಗಳು ತುರ್ತಾಗಿ ಬಂದದ್ದು 2016ರಲ್ಲಿ ಅಮೆರಿಕದೊಂದಿಗೆ ಮಾಡಿಕೊಂಡ ಸರಕು ಸಾಗಣೆ ಒಪ್ಪಂದದ ಮೂಲಕ. 2020ರಲ್ಲೇ ನಮ್ಮ ನೌಕಾಪಡೆ ಎರಡು ಅಮೆರಿಕನ್ ಡ್ರೋನುಗಳನ್ನು ಗುತ್ತಿಗೆಗೆ ಪಡೆಯಿತು. ಉತ್ತರದ ಗಡಿಯಲ್ಲಿ ಚೀನಾ ಇರುವಷ್ಟು ಕಾಲ ನಮಗೆ ಈ ಗೆಳೆತನ ಬೇಕು.

ನನ್ನ ಮಗ ಹದಿನಾಲ್ಕು ವರ್ಷಗಳಿಂದ ಅಲ್ಲಿ ದುಡಿಯುತ್ತಿದ್ದಾನೆ. ಕಾಯಂ ವಾಸದ ಹಸಿರು ಕಾರ್ಡಿನ ಸರದಿ ಇನ್ನೂ ಬಂದಿಲ್ಲ. ಸೆಪ್ಟೆಂಬರಿನ ಆ ಶುಕ್ರವಾರ ರಾತ್ರಿ ಶುಲ್ಕದ ಸುದ್ದಿ ಬಂದಾಗ ಸೊಸೆ ನಮ್ಮ ಮನೆಯಲ್ಲೇ ಇದ್ದಳು. ಹೊಸ ಅರ್ಜಿಗಳಿಗೆ ಮಾತ್ರ ಈ ನಿಯಮ ಎಂಬ ಸ್ಪಷ್ಟನೆ ಬರುವವರೆಗೆ ಅವಳು ಪ್ಯಾಕ್ ಮಾಡಿದ ಬ್ಯಾಗನ್ನು ಬಿಚ್ಚಲಿಲ್ಲ. ಆದ್ದರಿಂದ ಅಮೆರಿಕದ ವರ್ತನೆ ನೋಯಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನೋವಾದಾಗ ಸಂಬಂಧವನ್ನು ಅಳೆಯುವ ಕೋಲು ಬೇರೆಯಾಗಬಾರದು ಎಂದಷ್ಟೇ ಹೇಳುತ್ತಿದ್ದೇನೆ.

ಅಘನಾಶಿನಿ ಗಜನಿ, ಕುಮಟಾ ತಾಲೂಕು

ಕಾಳಿತೀರ ಅವರು ಕೇಳಿದ ಬೆಲೆ ತೆರುವವರಲ್ಲಿ ನಾನೊಬ್ಬ. ಆದ್ದರಿಂದ ಲೆಕ್ಕವನ್ನು ಇದ್ದಂತೆ ಹೇಳುತ್ತೇನೆ.

ಹೊಳೆಯ ಉಪ್ಪುನೀರು ಏರಿ ಇಳಿಯುವ ನಮ್ಮ ಗಜನಿಯಲ್ಲಿ ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಅದು ಕೊಯ್ದ ಮೇಲೆ ಉಬ್ಬರದೊಂದಿಗೆ ತಾನಾಗಿ ಬರುವ ಶೆಟ್ಲಿ (ಸಿಗಡಿ), ಮೀನು. ಈಗ ಗದ್ದೆಯ ಒಂದು ಭಾಗವನ್ನು ಹೊಂಡ ಮಾಡಿ ವೆನಾಮಿ ಸಿಗಡಿ ಸಾಕುತ್ತೇನೆ. ಮರಿ ಬಿಟ್ಟು ಸುಮಾರು ನಾಲ್ಕು ತಿಂಗಳಿಗೆ ಹಿಡಿಯಬೇಕು. ಮೇವಿನ ಖರ್ಚೇ ದೊಡ್ಡದು, ಅದರ ಮೇಲೆ ನೀರಿಗೆ ಗಾಳಿ ಹಾಯಿಸುವ ಯಂತ್ರದ ವಿದ್ಯುತ್ ಬಿಲ್ಲು. ಭಾರತದ ಸಮುದ್ರೋತ್ಪನ್ನ ರಫ್ತು 2024-25ರಲ್ಲಿ ಸುಮಾರು 62,000 ಕೋಟಿ ರೂಪಾಯಿಯದು. ಅತಿ ದೊಡ್ಡ ಗಿರಾಕಿ ಅಮೆರಿಕ, ಅದು ಕೊಳ್ಳುವುದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ಹೆಪ್ಪುಗಟ್ಟಿಸಿದ ಸಿಗಡಿ. ಇದರಲ್ಲಿ ನಮ್ಮ ಜಿಲ್ಲೆಯ ಪಾಲು ಚಿಕ್ಕದು, ಆಂಧ್ರದ್ದೇ ದೊಡ್ಡದು. ಆದರೆ ಬೆಲೆ ನಿಗದಿಯಾಗುವುದು ಅಲ್ಲಿಯೇ, ಮತ್ತು ಅಲ್ಲಿ ಇಳಿದರೆ ಇಲ್ಲಿಯೂ ಇಳಿಯುತ್ತದೆ. ಮೊದಲೇ ಇದ್ದ ಇತರ ಸುಂಕಗಳನ್ನು ಕೂಡಿಸಿದರೆ ನಮ್ಮ ಸಿಗಡಿಯ ಮೇಲೆ 2025ರ ಆಗಸ್ಟ್ ನಂತರ ಬಿದ್ದ ಹೊರೆ ಶೇಕಡಾ 50ನ್ನು ದಾಟಿತು. ಜಗತ್ತಿನಲ್ಲೇ ಅತಿ ಹೆಚ್ಚು ಸಿಗಡಿ ಮಾರುವ ಈಕ್ವೆಡಾರಿಗೆ ಹಾಕಿದ ಹೊಸ ಸುಂಕ ಶೇಕಡಾ 15. ಈ ವ್ಯತ್ಯಾಸ ತಿಳಿದ ಮೇಲೆ ಅಲ್ಲಿನ ಅಂಗಡಿಯವನು ಯಾರ ಸಿಗಡಿ ಕೊಳ್ಳುತ್ತಾನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೊಂಡದ ಬಳಿ ಬಂದು ಸಿಗಡಿ ಒಯ್ಯುವ ವ್ಯಾಪಾರಿ ಆಗಸ್ಟಿನ ನಂತರ ಹೇಳಿದ ದರದಲ್ಲಿ ಮೇವಿನ ಖರ್ಚು ಹುಟ್ಟಿ ಕೂಲಿ ಹುಟ್ಟುವುದಿಲ್ಲ. ಅವನನ್ನು ದೂರಿ ಪ್ರಯೋಜನವಿಲ್ಲ, ಅವನಿಗೆ ಮೇಲಿನಿಂದ ಬಂದ ದರ ಅದು.

ಇನ್ನೊಂದು ವಿಷಯವನ್ನು ಇಲ್ಲಿರುವ ಓದಿದವರು ಗಮನಿಸಬೇಕು. ನವೆಂಬರ್ 12ರಂದು ಕೇಂದ್ರ ಸಂಪುಟ ರಫ್ತು ಉತ್ತೇಜನಕ್ಕೆ 25,060 ಕೋಟಿ ರೂಪಾಯಿಯ ಯೋಜನೆಯನ್ನೂ ರಫ್ತುದಾರರ ಸಾಲಕ್ಕೆ 20,000 ಕೋಟಿಯ ಖಾತರಿಯನ್ನೂ ಒಪ್ಪಿತು. ಎರಡು ದಿನಗಳ ನಂತರ ರಿಸರ್ವ್ ಬ್ಯಾಂಕ್ ರಫ್ತು ವಲಯದವರ ಸಾಲದ ಕಂತಿಗೆ ಕಾಲಾವಕಾಶ ಪ್ರಕಟಿಸಿತು. ಒಳ್ಳೆಯದೇ. ಆದರೆ ಕಾಗದದ ಮೇಲೆ ನಾನು ರಫ್ತುದಾರನಲ್ಲ. ನಾನು ಹೊಂಡದ ದಂಡೆಯ ಮೇಲೆ ಮಾರುವವನು. ನನ್ನ ಸಾಲ ಚಿನ್ನವಿಟ್ಟು ತೆಗೆದದ್ದು, ಮೇವಿನ ಅಂಗಡಿಯಲ್ಲಿ ಉದ್ರಿ ಬರೆಸಿದ್ದು. ಆ ಎರಡು ಘೋಷಣೆಗಳಲ್ಲಿ ಇಂಥ ಸಾಲಕ್ಕೆ ಹೆಸರಿಲ್ಲ.

ಬೈತಖೋಲ ಬಂದರು

ಹಿಡಿದ ಸಿಗಡಿಯ ಕಥೆ ಇನ್ನೂ ಹಳೆಯದು. ಟ್ರಾಲ್ ಬಲೆಯಲ್ಲಿ ಕಡಲಾಮೆ ಸಿಕ್ಕಿ ಸಾಯುತ್ತದೆ, ಅದು ತಪ್ಪಿಸಿಕೊಳ್ಳುವ ಚೌಕಟ್ಟನ್ನು ಬಲೆಗೆ ಹಾಕಿಲ್ಲ ಎಂಬ ಕಾರಣಕ್ಕೆ ಸಮುದ್ರದಲ್ಲಿ ಹಿಡಿದ ನಮ್ಮ ಸಿಗಡಿಯನ್ನು ಅಮೆರಿಕ ಹಲವು ವರ್ಷಗಳಿಂದ ಕೊಳ್ಳುತ್ತಿಲ್ಲ. ಆಗ ಯಾರೂ ಇದನ್ನು ರಾಜತಾಂತ್ರಿಕ ಬಿಕ್ಕಟ್ಟು ಎನ್ನಲಿಲ್ಲ. ಆಮೆಯ ವಿಷಯದಲ್ಲಿ ಅವರ ಮಾತಿನಲ್ಲಿ ನ್ಯಾಯವಿದೆ ಎಂದು ನಾನು ಒಪ್ಪುತ್ತೇನೆ. ತೈಲದ ವಿಷಯದಲ್ಲಿ ಇಲ್ಲ. ಎರಡನ್ನೂ ಒಂದೇ ಸಿಟ್ಟಿನಲ್ಲಿ ಸೇರಿಸಿ ಮಾತಾಡಿದರೆ ನಾವು ತಿದ್ದಿಕೊಳ್ಳಬೇಕಾದದ್ದು ಹಾಗೇ ಉಳಿಯುತ್ತದೆ.

ನಿವೃತ್ತ ಮಾಸ್ತರ, ಅಂಕೋಲಾ

ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನು ಸ್ವಲ್ಪ ಹಿಂದಕ್ಕೆ ಹೋಗುತ್ತಾನೆ, ಕ್ಷಮಿಸಬೇಕು.

ಅಮೆರಿಕದಲ್ಲಿ ನಡೆದದ್ದು ಈ ಕರಾವಳಿಯ ಹಣೆಬರಹ ಬದಲಿಸಿದ್ದು ಇದು ಮೊದಲ ಸಲವಲ್ಲ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ತಪ್ಪಿತು. ಧಾರವಾಡದ ಹತ್ತಿಯನ್ನು ಹೊರಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಬೇಕೆಂಬ ಒತ್ತಡ ಬಂದದ್ದು ಆಗಲೇ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕವಿತ್ತು. 1865ರಲ್ಲಿ ಆ ಯುದ್ಧ ಮುಗಿದು ಹತ್ತಿಯ ಬೆಲೆ ಬಿತ್ತು, ಬಂದರಿನ ಮೇಲಿನ ಉತ್ಸಾಹವೂ ಇಳಿಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ಬರಬೇಕಾದ ರೈಲನ್ನು ನಾವು ಇಂದಿಗೂ ಕಾಯುತ್ತಿದ್ದೇವೆ. ದೂರದ ದೊಡ್ಡವರ ಅವಸರವನ್ನು ನಂಬಿ ಕಟ್ಟಿದ ಬದುಕು ಎಷ್ಟು ಕಾಲ ನಿಲ್ಲುತ್ತದೆಂಬುದಕ್ಕೆ ನಮ್ಮ ಜಿಲ್ಲಾ ಕೇಂದ್ರವೇ ಸಾಕ್ಷಿ.

ಎರಡನೆಯದು ನಾನೇ ಉಂಡ ಅನ್ನ. ಪಿಎಲ್-480 ಎಂಬ ಅಮೆರಿಕದ ಕಾನೂನಿನಡಿ ಬಂದ ಗೋಧಿ, ಹಾಲಿನ ಪುಡಿ, ಶಾಲೆಯಲ್ಲಿ ಕೊಡುತ್ತಿದ್ದ ಕೇರ್ ಸಂಸ್ಥೆಯ ಉಪ್ಪಿಟ್ಟು ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಆ ಅನ್ನದ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1965ರಿಂದ 67ರವರೆಗಿನ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳನ್ನು ಒಂದೊಂದಾಗಿ, ತಮಗೆ ಬೇಕೆನಿಸಿದಾಗ ಮಾತ್ರ ಬಿಡಿಸುತ್ತಿದ್ದರು. ನಮ್ಮ ಕೃಷಿ ನೀತಿ ಬದಲಾಗಲಿ ಎಂಬುದು ಒಂದು ಷರತ್ತು. ವಿಯೆಟ್ನಾಮಿನ ಮೇಲಿನ ಬಾಂಬು ದಾಳಿಯನ್ನು ಭಾರತ ಟೀಕಿಸಿದ್ದು ಅವರ ಸಿಟ್ಟಿನ ಇನ್ನೊಂದು ಕಾರಣ. ಹಡಗು ತಡವಾದರೆ ಪಡಿತರ ತಡವಾಗುತ್ತಿತ್ತು. 1966ರ ಜೂನಿನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದ್ದೂ ಹೊರಗಿನ ಒತ್ತಡದ ಆ ದಿನಗಳಲ್ಲೇ.

ಸೋಂದಾದವರು 1962ನ್ನು ನೆನಪಿಸಿದ್ದು ನ್ಯಾಯ. 1971ರ ಡಿಸೆಂಬರಿನಲ್ಲಿ ಎಂಟರ್‌ಪ್ರೈಸ್ ಹಡಗು ಬಂಗಾಳ ಕೊಲ್ಲಿಗೆ ಬಂದದ್ದೂ ಅಷ್ಟೇ ನಿಜ. ಒಂದೇ ದೇಶ ಒಂಬತ್ತು ವರ್ಷಗಳ ಅಂತರದಲ್ಲಿ ಎರಡು ಬಗೆಯಾಗಿ ನಡೆದುಕೊಂಡಿತು; ಎರಡು ಸಲವೂ ಅದು ನೋಡಿದ್ದು ಚೀನಾವನ್ನು. 62ರಲ್ಲಿ ಚೀನಾ ಅದರ ವೈರಿ, 71ರಲ್ಲಿ ಅದು ಚೀನಾದ ಬಾಗಿಲು ತಟ್ಟುತ್ತಿತ್ತು. ನಾವು ಅವರ ಪ್ರೀತಿಯನ್ನೋ ದ್ವೇಷವನ್ನೋ ಅಳೆಯುತ್ತ ಕೂರುವ ಬದಲು ಅವರ ದೃಷ್ಟಿ ಎತ್ತ ನೆಟ್ಟಿದೆ ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ.

ಕೈಗಾ ದಾರಿ, ಮಲ್ಲಾಪುರ

ಅಣುಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತನಾದವನಾಗಿ ಒಂದು ವಿಷಯ ಸೇರಿಸುತ್ತೇನೆ. ಅಮೆರಿಕದ ಉಪಕಾರ, ಅಪಕಾರ ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ಕೈಗಾಕ್ಕಿಂತ ಒಳ್ಳೆಯ ಜಾಗವಿಲ್ಲ.

1974ರ ಪೋಖ್ರಾನ್ ಅಣು ಪರೀಕ್ಷೆಯ ನಂತರ ರಾಜಸ್ಥಾನದ ಸ್ಥಾವರ ಕಟ್ಟಲು ನೆರವಾಗುತ್ತಿದ್ದ ಕೆನಡಾ ಕೈಬಿಟ್ಟು ಹೋಯಿತು. ತಾರಾಪುರಕ್ಕೆ ಇಂಧನ ಕೊಡುತ್ತೇನೆಂದು 1963ರಲ್ಲಿ ಒಪ್ಪಿದ್ದ ಅಮೆರಿಕ 1978ರಲ್ಲಿ ಹೊಸ ಕಾನೂನು ಮಾಡಿ ಹಿಂದೆ ಸರಿಯಿತು. ಆ ಮೇಲೆ ನಮ್ಮವರು ಭಾರಜಲ ಸ್ಥಾವರದ ವಿನ್ಯಾಸವನ್ನು ತಾವೇ ಬೆಳೆಸಿದರು. ಕೈಗಾದ 220 ಮೆಗಾವಾಟಿನ ನಾಲ್ಕು ಘಟಕಗಳು ಆ ಪರಂಪರೆಯವು. ಇದು ತಡೆಯೊಡ್ಡಿದ್ದರಿಂದ ಹುಟ್ಟಿದ ಸಾಮರ್ಥ್ಯ. ಆದರೆ ವಿನ್ಯಾಸ ನಮ್ಮದಾದರೂ ಯುರೇನಿಯಂ ಸಾಲದೆ ಹೋಯಿತು. 2007-08ರ ಸುಮಾರಿಗೆ ದೇಶದ ಇಂಥ ಸ್ಥಾವರಗಳು ಅರ್ಧದಷ್ಟು ಸಾಮರ್ಥ್ಯದಲ್ಲಿ ಓಡಿದವು, ಕೈಗಾದ ನಾಲ್ಕನೆಯ ಘಟಕ ಇಂಧನಕ್ಕಾಗಿ ಕಾಯಬೇಕಾಯಿತು. ಅದು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2011ರ ಜನವರಿಯಲ್ಲಿ.

ನಡುವೆ ಆದದ್ದು ಅಣು ಒಪ್ಪಂದ. 2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಬುಷ್ ಹೇಳಿಕೆ ನೀಡಿದರು, 2008ರ ಸೆಪ್ಟೆಂಬರಿನಲ್ಲಿ ಅಣು ಪೂರೈಕೆದಾರ ರಾಷ್ಟ್ರಗಳ ಗುಂಪು ಹೊರಗಿನಿಂದ ಅಣು ಇಂಧನ ಕೊಳ್ಳಲು ನಮಗೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಗಾಗಿ ಅಮೆರಿಕ ಆ ಗುಂಪಿನ ದೇಶಗಳನ್ನೆಲ್ಲ ಒಪ್ಪಿಸಿತು, ಅದು ಇಲ್ಲದಿದ್ದರೆ ಆಗುತ್ತಿರಲಿಲ್ಲ. ಒಪ್ಪಂದದ ಪ್ರಕಾರ 22 ಸ್ಥಾವರಗಳಲ್ಲಿ 14ನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದೆವು. ಕೈಗಾ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಹೊರಗಿನಿಂದ ಬಂದ ಯುರೇನಿಯಂ ಕೈಗಾಕ್ಕೆ ನೇರವಾಗಿ ಬರುವುದಿಲ್ಲ. ಅದು ತಪಾಸಣೆಯಲ್ಲಿರುವ ಸ್ಥಾವರಗಳಿಗೆ ಹೋಯಿತು, ಅಲ್ಲಿ ಉರಿಯಬೇಕಾಗಿದ್ದ ದೇಶದ ಯುರೇನಿಯಂ ನಮ್ಮಂಥವಕ್ಕೆ ಉಳಿಯಿತು. 2016ರ ಮೇ ತಿಂಗಳಿನಲ್ಲಿ ಹೊತ್ತಿದ ಕೈಗಾದ ಮೊದಲನೆಯ ಘಟಕ 962 ದಿನ ಒಂದೇ ಸಮನೆ ಓಡಿ ಆ ಕಾಲಕ್ಕೆ ವಿಶ್ವದಾಖಲೆ ಮಾಡಿತು.

ಇದರಲ್ಲಿ ಗಮನಿಸಬೇಕಾದದ್ದು ಬಾಗಿಲು ತೆರೆದವರು ಅಮೆರಿಕದವರು, ಒಳಗೆ ಬಂದ ಇಂಧನ ಫ್ರಾನ್ಸ್, ರಷ್ಯಾ, ಕಜಕಸ್ತಾನದ್ದು ಎಂಬುದು. ಆಂಧ್ರದ ಕೊವ್ವಾಡದಲ್ಲಿ ಬರಬೇಕಾದ ಅಮೆರಿಕನ್ ಸ್ಥಾವರಗಳು ಇಂದಿಗೂ ಕಾಗದದ ಮೇಲಿವೆ. ಒಬ್ಬರ ಒಪ್ಪಿಗೆಯನ್ನು ಪಡೆದು ನಾಲ್ವರಿಂದ ಸರಕು ತಂದದ್ದು ಆ ಒಪ್ಪಂದದ ಜಾಣತನ. ಸೋಂದಾದವರ ಮಾತನ್ನೂ ಮಾಸ್ತರರ ಮಾತನ್ನೂ ನಾನು ಅರ್ಧರ್ಧ ಒಪ್ಪುವುದು ಈ ಅನುಭವದಿಂದ.

ಹೊನ್ನಾವರದ ಓದುಗಿ

ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರ ಓದುತ್ತಿರುವವಳು. ಹಿರಿಯರೆಲ್ಲ ಇತಿಹಾಸದಿಂದ ಮಾತಾಡಿದ್ದೀರಿ, ನಾನು ಈ ವರ್ಷದ ಪಟ್ಟಿಯೊಂದನ್ನು ಮುಂದಿಡುತ್ತೇನೆ. ಶೇಕಡಾ 50ರ ಸುಂಕದಿಂದ ಅಮೆರಿಕ ಹೊರಗಿಟ್ಟ ಭಾರತದ ಸರಕುಗಳು ಯಾವುವು? ಔಷಧಿ, ಸ್ಮಾರ್ಟ್‌ಫೋನ್, ಅರೆವಾಹಕಗಳು. ಒಳಗೆ ಸಿಕ್ಕಿದವು? ಸಿಗಡಿ, ಸಿದ್ಧ ಉಡುಪು, ಚರ್ಮದ ಸರಕು, ವಜ್ರದ ಹೊಳಪು ಕೆಲಸ. ನಮ್ಮ ಔಷಧಿ ನಿಂತರೆ ಅವರ ರೋಗಿಗಳಿಗೆ ಕಷ್ಟ, ನಮ್ಮ ಸಿಗಡಿ ನಿಂತರೆ ಈಕ್ವೆಡಾರ್ ಇದೆ. ಚೀನಾ ತನ್ನಲ್ಲಿರುವ ವಿರಳ ಭೂಲೋಹಗಳ ರಫ್ತಿಗೆ ಕಡಿವಾಣ ಹಾಕಿತು, ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಎರಡೂ ಅಧ್ಯಕ್ಷರು ಕುಳಿತರು, ಚೀನಾದ ಮೇಲಿನ ಸುಂಕ ಇಳಿಯಿತು. ರಷ್ಯಾದ ತೈಲ ಕೊಳ್ಳುವ ಎರಡು ದೇಶಗಳಲ್ಲಿ ಒಂದಕ್ಕೆ ದಂಡ, ಇನ್ನೊಂದಕ್ಕೆ ಮಾತುಕತೆ. ಆದ್ದರಿಂದ ತೈಲ ನಿಲ್ಲಿಸಿದರೆ ಗೌರವ ಮರಳುತ್ತದೆ ಎಂಬ ಸೋಂದಾದ ಹಿರಿಯರ ಭರವಸೆ ನನಗಿಲ್ಲ. 2019ರಲ್ಲಿ ನಾವು ಒತ್ತಡಕ್ಕೆ ಮಣಿದು ಇರಾನಿನ ತೈಲ ನಿಲ್ಲಿಸಿದೆವು. ಅದೇ ವರ್ಷದ ಜೂನ್ 5ರಂದು ನಮ್ಮ ರಫ್ತಿಗಿದ್ದ ಜಿಎಸ್‌ಪಿ ಎಂಬ ಸುಂಕದ ರಿಯಾಯಿತಿಯನ್ನು ಅವರು ಕಿತ್ತುಕೊಂಡರು.

ಸೋಂದಾ ಸೀಮೆ, ಶಿರಸಿ

ತಂಗೀ, ಇರಾನಿನ ಉದಾಹರಣೆ ನನ್ನ ವಾದಕ್ಕೆ ಪೆಟ್ಟು ಕೊಡುತ್ತದೆ, ಒಪ್ಪುತ್ತೇನೆ. ಅದನ್ನು ನಾನು ಯೋಚಿಸಿರಲಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಚೀನಾದ ಬಳಿ ವಿರಳ ಲೋಹಗಳ ಹಿಡಿತ ಬಂದದ್ದು ಮೂವತ್ತು ವರ್ಷಗಳ ಕಾಲ ಅಮೆರಿಕದ ಮಾರುಕಟ್ಟೆಗೆ ಸರಕು ಮಾರಿ, ಅಲ್ಲಿಂದ ಬಂದ ಹಣ ಮತ್ತು ಯಂತ್ರಜ್ಞಾನದಿಂದ ಬೆಳೆದ ಮೇಲೆ. ಬೆಳೆಯುವ ವಯಸ್ಸಿನಲ್ಲಿ ಅದು ಮುನಿಸು ಕಟ್ಟಿಕೊಳ್ಳಲಿಲ್ಲ. ಮಾಸ್ತರರು ಹೇಳಿದ ಜಾನ್ಸನ್ ಕಾಲದ ಅವಮಾನಕ್ಕೆ ನಾವು ಕೊಟ್ಟ ಉತ್ತರವಾದ ಹಸಿರು ಕ್ರಾಂತಿಯನ್ನೇ ನೋಡಿ: 1966ರಲ್ಲಿ ಮೆಕ್ಸಿಕೋದಿಂದ ತಂದ 18,000 ಟನ್ ಗೋಧಿ ಬೀಜವನ್ನು ರೂಪಿಸಿದ ನಾರ್ಮನ್ ಬೋರ್ಲಾಗ್ ಅಮೆರಿಕದವರೇ. ಅವರ ಸರ್ಕಾರ ಹಡಗು ತಡೆದ ವರ್ಷವೇ ಅವರ ವಿಜ್ಞಾನಿಯ ಬೀಜ ನಮ್ಮ ಹೊಲಕ್ಕೆ ಬಿತ್ತು. ಈಗ ಮೊನ್ನೆ ನವೆಂಬರ್ 7ರಂದು ಬೆಂಗಳೂರಿನ ಎಚ್‌ಎಎಲ್ ತೇಜಸ್ ವಿಮಾನಕ್ಕೆ ಇನ್ನೂ 113 ಅಮೆರಿಕನ್ ಎಂಜಿನ್ ಕೊಳ್ಳಲು ಸಹಿ ಹಾಕಿದ್ದೂ ಈ ಸುಂಕದ ನಡುವೆಯೇ.

ಕಾಳಿತೀರ, ಕಾರವಾರ

ಆ ಎಂಜಿನ್‌ಗಳ ವಿಷಯದಲ್ಲಿ ನನಗೆ ಆತಂಕವಿದೆ. 2021ರಲ್ಲಿ ಹೇಳಿದ 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚಿನಲ್ಲಿ. ಆ ವಿಳಂಬ ರಾಜಕೀಯದ್ದಲ್ಲ, ಪೂರೈಕೆಯದ್ದು ಎಂದು ಒಪ್ಪೋಣ. 1998ರ ಅಣು ಪರೀಕ್ಷೆಯ ನಂತರ ಆದದ್ದು ಮಾತ್ರ ರಾಜಕೀಯವೇ: ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ವಿಜ್ಞಾನಿಗಳನ್ನು ಹಿಂದಕ್ಕೆ ಕಳುಹಿಸಿದರು, ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳು ಬ್ರಿಟನ್ನಿನಲ್ಲಿ ಕಟ್ಟಿದವಾದರೂ ಅಮೆರಿಕದ ಬಿಡಿಭಾಗವಿಲ್ಲದೆ ನೆಲ ಕಚ್ಚಿದವು.

ಆದರೆ ಸೋಂದಾದವರು ಹಸಿರು ಕ್ರಾಂತಿಯ ಮಾತೆತ್ತಿದ್ದು ನನ್ನ ಮೊದಲ ಪ್ರಶ್ನೆಗೆ ದಾರಿ ತೋರಿಸಿತು. ಬೀಜ ಯಾರದ್ದಾದರೂ ಆಗಲಿ, ಹೊಸ ಬೀಜ ಬಿತ್ತುವ ಅಪಾಯವನ್ನು ರೈತನೊಬ್ಬನ ಮೇಲೆ ಬಿಟ್ಟಿರಲಿಲ್ಲ. 1965ರಲ್ಲೇ ಆಹಾರ ನಿಗಮ ಸ್ಥಾಪನೆಯಾಯಿತು, ಬೆಲೆ ಶಿಫಾರಸು ಮಾಡಲು ಕೃಷಿ ಬೆಲೆ ಆಯೋಗ ಬಂತು. ಇಂತಿಷ್ಟು ಬೆಲೆಗೆ ನಾವೇ ಕೊಳ್ಳುತ್ತೇವೆ ಎಂದು ಸರ್ಕಾರ ಮುಂಚೆಯೇ ಮಾತು ಕೊಟ್ಟಿತು. ಅಮೆರಿಕದ ಗೋಧಿಯಿಂದ ಬಿಡಿಸಿಕೊಳ್ಳುವುದು ದೇಶದ ನಿಲುವಾಗಿತ್ತು, ಆದ್ದರಿಂದ ಅದರ ಖರ್ಚನ್ನೂ ದೇಶವೇ ಹೊತ್ತಿತು. ಈ ಆಗಸ್ಟ್ 7ರಂದು ಪ್ರಧಾನಿ ರೈತರ, ಪಶುಪಾಲಕರ, ಮೀನುಗಾರರ ಹಿತದಲ್ಲಿ ರಾಜಿಯಿಲ್ಲ ಎಂದರು. ನಮ್ಮ ಹೈನುಗಾರರನ್ನು ಅಮೆರಿಕದ ಹಾಲಿನ ಸರಕಿನಿಂದ ಕಾಪಾಡಲು ಅದು ಸರಿಯಾದ ಮಾತು, ಶಿರಸಿ ಸೀಮೆಯಲ್ಲಿ ಒಂದೆರಡು ಆಕಳು ಕಟ್ಟಿಕೊಂಡವರಿಗೆ ಅದರ ಬೆಲೆ ಗೊತ್ತು. ಆದರೆ ಆ ಮಾತಿನಲ್ಲಿ ಹೆಸರು ಬಂದ ಮೂವರಲ್ಲಿ ಸಿಗಡಿ ಸಾಕುವವನು ಇಬ್ಬರ ರಕ್ಷಣೆಯ ಖರ್ಚನ್ನು ತಾನು ಕೊಡುತ್ತಿದ್ದಾನೆ. ಅಗ್ಗದ ತೈಲದ ಲಾಭವೂ ಅವನಿಗೆ ತಲುಪಲಿಲ್ಲ. 2022ರ ಮೇ ನಂತರ ಬಂಕಿನ ದರದಲ್ಲಿ ಕೇಂದ್ರದ ಕಡೆಯಿಂದ ಕಂಡ ಇಳಿಕೆ 2024ರ ಮಾರ್ಚಿನ ಎರಡು ರೂಪಾಯಿ, ಅದಾದ ಮೂರು ತಿಂಗಳಿಗೆ ನಮ್ಮ ರಾಜ್ಯದ ತೆರಿಗೆ ಏರಿತು. ರಿಯಾಯಿತಿಯ ತೈಲದಿಂದ ಉಳಿದ ಹಣ ಶುದ್ಧೀಕರಣ ಕಂಪನಿಗಳಲ್ಲೂ ಬೊಕ್ಕಸದಲ್ಲೂ ಇರುವಾಗ, ಅದರಿಂದ ಹುಟ್ಟಿದ ದಂಡವನ್ನು ಹೊಂಡದ ದಂಡೆಯಲ್ಲಿ ವಸೂಲು ಮಾಡುವುದು ನ್ಯಾಯವಲ್ಲ.

ನಿವೃತ್ತ ಮಾಸ್ತರ, ಅಂಕೋಲಾ

ಈ ಮಾತನ್ನು ಅರ್ಜಿಯ ರೂಪದಲ್ಲಿ ಬರೆಯಬೇಕು. ರಫ್ತುದಾರನಿಗೆ ಸಿಗುವ ಬಡ್ಡಿಯ ರಿಯಾಯಿತಿಯನ್ನು ಅವನಿಗೆ ಸರಕು ಕೊಡುವ ಸಾಕಣೆದಾರನವರೆಗೂ ಇಳಿಸಬೇಕು. ವೆನಾಮಿಗೆ ಈ ಹಂಗಾಮಿಗೆ ಮಾತ್ರವಾದರೂ ಒಂದು ಕನಿಷ್ಠ ದರ ಘೋಷಿಸಬೇಕು. ಸೆಪ್ಟೆಂಬರಿನಲ್ಲಿ ಯುರೋಪು ನಮ್ಮ ಇನ್ನೂ 102 ಸಂಸ್ಕರಣಾ ಘಟಕಗಳಿಗೆ ಒಪ್ಪಿಗೆ ಕೊಟ್ಟಿದೆ, ಅಲ್ಲಿಗೆ ಕಳುಹಿಸಲು ಬೇಕಾದ ಪರೀಕ್ಷೆ ಮತ್ತು ದಾಖಲೆಯ ಖರ್ಚನ್ನು ಸಣ್ಣ ಹೊಂಡದವರ ಪರವಾಗಿ ಇಲಾಖೆ ಭರಿಸಲಿ. ಕಾಳಿತೀರ ಅವರು ಕರಡು ಮಾಡಿದರೆ ಭಾಷೆ ತಿದ್ದುವ ಕೆಲಸ ನನ್ನದು.

ಸೋಂದಾ ಸೀಮೆ, ಶಿರಸಿ

ನಾನೂ ಸಹಿ ಹಾಕುತ್ತೇನೆ. ಆದರೆ ರಷ್ಯಾದ ತೈಲ ಕಡಿಮೆ ಮಾಡಿ ಸುಂಕ ಇಳಿಸಿಕೊಳ್ಳಬೇಕೆಂಬ ಬೇಡಿಕೆಯನ್ನೂ ಸೇರಿಸಿದರೆ ಅಘನಾಶಿನಿಯವರಿಗೇ ಬೇಗ ಪರಿಹಾರ ಸಿಗುತ್ತದೆಂದು ನನ್ನ ನಂಬಿಕೆ. ಅಕ್ಟೋಬರ್ 22ರಂದು ರಷ್ಯಾದ ತೈಲ ಕಂಪನಿಗಳಾದ ರೋಸ್‌ನೆಫ್ಟ್, ಲುಕಾಯಿಲ್‌ಗಳ ಮೇಲೆ ಅಮೆರಿಕ ನಿರ್ಬಂಧ ಹಾಕಿದ ಮೇಲೆ ಹೇಗೂ ಆ ಖರೀದಿ ಮೊದಲಿನಂತೆ ಸಾಗುವುದು ಕಷ್ಟ.

ಅಘನಾಶಿನಿ ಗಜನಿ, ಕುಮಟಾ ತಾಲೂಕು

ಹಿರಿಯರೇ, ತಾವು ನನ್ನ ಹಿತಕ್ಕಾಗಿಯೇ ಹೇಳಿದಿರಿ ಎಂದು ಗೊತ್ತು. ಆದರೂ ಆ ಸಾಲು ಬೇಡ. ತೈಲ ಎಲ್ಲಿಂದ ತರಬೇಕೆಂದು ತೀರ್ಮಾನಿಸುವವರು ದೆಹಲಿಯಲ್ಲಿದ್ದಾರೆ, ಅವರು ದೇಶದ ಲೆಕ್ಕ ನೋಡಿ ತೀರ್ಮಾನಿಸಲಿ. ನನ್ನ ನಷ್ಟವನ್ನು ತೋರಿಸಿ ದೇಶ ಮಣಿಯಲಿ ಎಂದು ಕೇಳುವ ಅರ್ಜಿಗೆ ನಾನು ಸಹಿ ಹಾಕಲಾರೆ; ನಿಂತದ್ದರ ಖರ್ಚಿನಲ್ಲಿ ನನ್ನ ಪಾಲು ಎಷ್ಟು, ಉಳಿದವರ ಪಾಲು ಎಷ್ಟು ಎಂದು ಕೇಳುವುದಾದರೆ ಮೊದಲ ಸಹಿ ನನ್ನದು.

ಹೊಳೆಯ ನೀರಿಗೆ ಉಪ್ಪು ಮರಳುತ್ತಿದೆ, ಮರಿಗೆ ಹೇಳಿಡಬೇಕಾದ ಸಮಯ ಇದು. ನನ್ನ ನಾಲ್ಕು ಹೊಂಡಗಳಲ್ಲಿ ಈ ಸಲ ಎರಡಕ್ಕೆ ಮಾತ್ರ ಬಿಡುತ್ತೇನೆ. ಮೂರನೆಯದರ ಒಡ್ಡು ತೆರೆದು ಉಬ್ಬರಕ್ಕೆ ಬಿಡುತ್ತೇನೆ, ಅಜ್ಜನ ಕಾಲದಂತೆ ಬಂದಷ್ಟು ಶೆಟ್ಲಿ ಬರಲಿ, ಅದು ಕುಮಟೆಯ ಪೇಟೆಯಲ್ಲೇ ಹೋಗುತ್ತದೆ. ನಾಲ್ಕನೆಯದರ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ. ಅರ್ಜಿಯ ಕರಡು ಡಿಸೆಂಬರಿನೊಳಗೆ ಆದರೆ ನಮ್ಮ ಕಡೆಯ ಹೊಂಡದವರ ಸಹಿಗಳನ್ನು ನಾನೇ ತಿರುಗಾಡಿ ಪಡೆಯುತ್ತೇನೆ.

ಬೈತಖೋಲ ಬಂದರು

ಆಮೆಯ ಚೌಕಟ್ಟಿಗೆ ಸಹಾಯಧನ ಕೊಡಬೇಕೆಂಬ ನಾಲ್ಕನೆಯ ಬೇಡಿಕೆಯನ್ನು ಸೇರಿಸಿದರೆ ಬಂದರಿನ ಸಹಿಗಳು ನನ್ನ ಹೊಣೆ.

ಕಾಳಿತೀರ, ಕಾರವಾರ

ಸೇರಿಸುತ್ತೇನೆ. ಕರಡನ್ನು ಭಾನುವಾರದೊಳಗೆ ಇಲ್ಲಿಯೇ ಹಾಕುತ್ತೇನೆ. ತೈಲದ ಸಾಲು ಇರುವುದಿಲ್ಲ.